ಹನ್ನೆರಡು ಜಾಡಿ ಜೇಡ

ಚಿಕ್ಕಬೋರಮ್ಮನ ಮೇಕೆ ಮುಂಗಾಲಿಗೆ ಉಪ್ಪಿನಕಾಯಿ ಜಾಡಿ ತೊಟ್ಟುಕೊಂಡು, ಒಂದೇ ಬೂಟು ಸಿಕ್ಕಿದ ಅಮಲ್ದಾರರಂತೆ ಟಕ್ ಟಕ್ ಎಂದು ಗುಡ್ಡ ಇಳಿದು ಬಂದದ್ದೇ ಎಲ್ಲದಕ್ಕೂ ಮೂಲ. ಜಾಡಿ ಯಾರದೆಂದು ಯಾರೂ ಕೇಳಲಿಲ್ಲ. ಮಳವಳ್ಳಿ ಕಡೆಯ ಆ ಊರಿನಲ್ಲಿ ಜಾಡಿಗಳನ್ನು ನೆಲಮಟ್ಟಕ್ಕೆ ಹೂಳುವವರು ವಿಜ್ಞಾನದ ಮೇಷ್ಟ್ರು ಪಾರ್ಥಸಾರಥಿ ಒಬ್ಬರೇ.

ಗುಡ್ಡದ ಬುಡದಲ್ಲಿ ನಾಲ್ಕು, ನಡುವೆ ನಾಲ್ಕು, ನೆತ್ತಿಯಲ್ಲಿ ನಾಲ್ಕು. ನೆಲದ ಮೇಲೆ ಓಡಾಡುವ ಜೇಡಗಳು ಅವುಗಳೊಳಗೆ ಬೀಳುತ್ತವೆ. ಸೋಮವಾರ ಬೆಳಿಗ್ಗೆ ಎಣಿಸಿ, ಬರೆದುಕೊಂಡು, ಬಿಟ್ಟುಬಿಡುವುದು. ಎರಡನೆಯ ಮಹಾಯುದ್ಧ ಶುರುವಾದ ವರ್ಷ ಹಿಡಿದ ಕೆಲಸ. ಯುದ್ಧ ಮುಗಿದರೂ ಇದು ಮುಗಿದಿರಲಿಲ್ಲ.

ಮಧ್ಯಾಹ್ನಕ್ಕೆ ಪಟೇಲ ದೊಡ್ಡಸಿದ್ದಯ್ಯನವರ ಜಗಲಿ ತುಂಬಿತು.

"ನನ್ ಮ್ಯಾಕೆ ಕುಂಟ್ತದೆ. ಆ ಜಾಡಿಗಳ್ನೆಲ್ಲ ಕೀಳ್ಸಿ, ಪಟೇಲ್ರೇ," ಎಂದಳು ಚಿಕ್ಕಬೋರಮ್ಮ.

"ಕಿತ್ತಾಕಿ ಮೇಷ್ಟ್ರೇ," ಎಂದರು ಪಟೇಲರು. "ಜೇಡ ಎಣ್ಸುದ್ರೆ ರಾಗಿ ಬೆಳ್ದದಾ?"

"ಕೀಳೋದಿಲ್ಲ. ಬೇಕಾದರೆ ನನ್ನನ್ನ ಊರಿಂದ ಕೀಳಿ." ಪಾರ್ಥಸಾರಥಿ ನೋಟುಪುಸ್ತಕ ಎತ್ತಿ ಹಿಡಿದರು. "ಏಳು ವರ್ಷ. ಮದುವೆಯ ದಿನವೂ ಎಣಿಸಿ ಬಂದೇ ತಾಳಿ ಕಟ್ಟಿದ್ದೀನಿ. ಗುಡ್ಡದ ಬೋಳು ನೆತ್ತಿಯಲ್ಲಿ ಜೇಡ ಹೆಚ್ಚೋದಿಲ್ಲ ಅಂದಿದ್ದರು ನನ್ನ ಪ್ರೊಫೆಸರು. ವರ್ಷ ವರ್ಷ ಹೆಚ್ಚಿದೆ. ನಾಳೆ ಟಪಾಲಿಗೆ ಹಾಕ್ತೀನಿ, ಅವರು ಒಪ್ಪಲೇಬೇಕು."

ಮೇಕೆ ಕಾಯುವ ಹುಚ್ಚೀರಯ್ಯ ಕೈಮುಗಿದು ಎದ್ದ. "ಮ್ಯಾಕೆ ಕಾಲ ನಾನ್ ನೋಡ್ಕತೀನಿ. ಜಾಡಿ ಇರ್ಲಿ ಬುಡಿ. ಮೇಷ್ಟ್ರ ಜೀವ್ವೆಲ್ಲ ಅದ್ರೊಳ್ಗೇ ಅದೆ."

ಪಟೇಲರು ಎಲೆ ಉಗಿದು ಬಂದರು. "ಸುತ್ತ ಮುಳ್ಳಾಕಿ, ಮೇಷ್ಟ್ರೇ. ಇನ್ನೊಂದ್ ಮ್ಯಾಕೆ ಬೂಟಾಕ್ಕಂಡ್ ಬಂದ್ರೆ ನಿಮ್ಮನ್ನೇ ಮ್ಯಾಕೆ ಕಾಯಕ್ ಕಳುಸ್ತೀನಿ."

ಹೈಕೋರ್ಟಿನಲ್ಲಿ ಗೆದ್ದವರಂತೆ ಮೇಷ್ಟ್ರು ಜಗಲಿ ಇಳಿದರು. "ನಿನ್ನ ಉಪಕಾರ ಮರೆಯಲ್ಲ, ಹುಚ್ಚೀರಯ್ಯ."

"ಉಪ್ಕಾರ ಏನ್ ಬಂತು. ನೆತ್ತಿ ಜಾಡೀಲಿ ಏನೂ ಇಲ್ದಿದ್ರೆ ನಿಮ್ ಮಕ ನೋಡಕ್ಕಾಗ್ತಿರ್ನಿಲ್ಲ. ಅದ್ಕೇ ಬಾನುವಾರ ಸಂಜೆ ನಾನೇ ಬುಡದಿಂದ ನಾಕ್ ಜೇಡ ಇಡ್ಕೊಂಡೋಗಿ ಆಕ್ತಿದ್ದೆ. ವರ್ಸಕ್ಕೊಂದೊಂದು ಜಾಸ್ತಿ. ಇಷ್ಟ್ ವರ್ಸ ದುಡುದ್ರಿ, ನಿಮ್ಗೂ ಸಂತೋಸ ಆಗ್ಲಿ ಅಂತ."

ಪಾರ್ಥಸಾರಥಿ ನೋಟುಪುಸ್ತಕ ಬಿಡಿಸಿ, ಏಳು ವರ್ಷಕ್ಕೂ ಅಡ್ಡಗೆರೆ ಎಳೆದು, ಹೊಸ ಹಾಳೆಯಲ್ಲಿ 'ಒಂದನೆಯ ವರ್ಷ' ಎಂದು ಬರೆದರು.

"ಮತ್ತೆ ಏಳು ವರ್ಷ ಎಣಿಸ್ತೀನಿ. ನೀನು ಇನ್ನೊಂದು ಜೇಡ ಮುಟ್ಟಿದೆಯೋ, ನೋಡು."

"ಆಗ್ಲಿ ಮೇಷ್ಟ್ರೇ, ಜೇಡ ಮುಟ್ಟಕಿಲ್ಲ." ಹತ್ತು ಹೆಜ್ಜೆ ಹೋದ ಹುಚ್ಚೀರಯ್ಯ ತಿರುಗಿ ನಿಂತ.

"ಚೇಳಾದ್ರೆ ಆಗ್ಬೌದಾ?"