ಎಳೆಯ ತೊಗಲಿನ ಚೀಲ

ಪಯಣ ಹೊರಡುವವರಲ್ಲಿ ಎರಡು ಜಾತಿ ಎಂದು ನನ್ನ ತಿಳಿವಳಿಕೆ. ಮನೆಯನ್ನೇ ಮೂಟೆ ಕಟ್ಟಿಕೊಂಡು ಹೊರಡುವವರದು ಒಂದು ಜಾತಿ. ಆ ಮೂಟೆಯಿಂದಲೇ ಉಂಡು, ಉಟ್ಟು, ಹೊದ್ದು, ‘ನಾನು ಎಷ್ಟು ಹಗುರವಾಗಿ ಬಂದಿದ್ದೇನೆ ನೋಡಿ’ ಎಂದು ಎದೆ ಸೆಟೆಸುವವರದು ಇನ್ನೊಂದು. ನಾನು ಎರಡನೆಯ ಜಾತಿಯವನು. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಆದರೆ ತಮಿಳು ಸೀಮೆಯ ಈ ಕಣಿವೆಯಲ್ಲಿ ಕೊಂಬೈಯಿಂದ ಕಂಬಂವರೆಗೆ ನಮ್ಮವರ ಹೊಲಗಳಲ್ಲಿ ಕಳೆ ಕೀಳುವ ಹೆಂಗಸರು ಕೂಡ ನನ್ನ ಕಥೆ ಹೇಳಿಕೊಂಡು ನಗುತ್ತಿರುವಾಗ ನಿಮ್ಮೊಬ್ಬರ ಮುಂದೆ ಮುಚ್ಚಿಟ್ಟು ಯಾವ ಮಾನ ಉಳಿಸಿಕೊಳ್ಳಲಿ?

ನನ್ನ ಹೆಂಡತಿ ಬೊಮ್ಮಕ್ಕ ಮೊದಲನೆಯ ಜಾತಿ. ಪಕ್ಕದ ಊರಿಗೆ ಹೊರಟರೂ ಅವಳ ಮೂಟೆಯಲ್ಲಿ ಹುಳಿಯನ್ನದ ಬುತ್ತಿ, ಉಪ್ಪಿನಕಾಯಿ ಜಾಡಿ, ತಂಬಿಗೆ, ಕಂಬಳಿ, ಒಣಶುಂಠಿ, ನಾನು ಬೇಡವೆಂದು ಎಸೆದ ಹಳೆಯ ಪಂಚೆ, ಹತ್ತು ಮಾರುದ್ದದ ಹಗ್ಗ ಇದ್ದೇ ಇರುತ್ತವೆ. ಹಗ್ಗ ಯಾತಕ್ಕೆ ಎಂದು ಒಮ್ಮೆ ಕೇಳಿದ್ದೆ. “ದಾರೀಲಿ ಬಾವಿ ಬಂದ್ರೆ?” ಅಂದಳು. ಬಾವಿ ಇದ್ದ ಕಡೆ ಹಗ್ಗವೂ ಇರುತ್ತದೆ ಎಂದೆ. “ಇಲ್ದಿದ್ರೆ?” ಅಂದಳು. ಈ ‘ಇಲ್ದಿದ್ರೆ’ಗೆ ಉತ್ತರ ಹೇಳಬಲ್ಲ ಗಂಡಸು ನಮ್ಮ ಕಣಿವೆಯಲ್ಲಿ ಇನ್ನೂ ಹುಟ್ಟಿಲ್ಲ.

ಆ ಮೂಟೆಗೆ ಎದುರಾಗಿ ನಾನೊಂದು ಶಾಸ್ತ್ರ ಕಟ್ಟಿದ್ದೆ. ಊರ ಚಾವಡಿಯಲ್ಲಿ ಕೂತು ಕೇಳಿದವರಿಗೂ ಕೇಳದವರಿಗೂ ಅದನ್ನು ಬೋಧಿಸುತ್ತಿದ್ದೆ. ಎತ್ತು ಕೊಳ್ಳಲು ಹೋಗುವವನು ಮಾಸಿದ ಬಟ್ಟೆಯಲ್ಲಿ ಹೋಗಬೇಕು, ಮಡಿ ಬಟ್ಟೆ ಕಂಡರೆ ಎತ್ತಿನ ಬೆಲೆ ಏರುತ್ತದೆ. ದಿಂಡಿಗಲ್ಲಿಗೆ ಹೋಗುವವನು ಒಳ್ಳೆಯ ಪಂಚೆಯನ್ನು ಉಡಬಾರದು, ಕಂಕುಳಲ್ಲಿ ಇಟ್ಟುಕೊಂಡು ಹೋಗಿ ಊರ ಹೊರಗಿನ ಮರದ ಮರೆಯಲ್ಲಿ ಬದಲಾಯಿಸಬೇಕು. ಇಲ್ಲದಿದ್ದರೆ ಬಂಡಿದಾರಿಯ ಕೆಂಧೂಳಿಗೆ ಪೇಟೆಯವರು ನಮ್ಮನ್ನು ಸುಟ್ಟ ಇಟ್ಟಿಗೆ ಅಂದುಕೊಳ್ಳುತ್ತಾರೆ. ಸಾವಿನ ಮನೆಗೆ ಹೋಗುವವನು ಮಾತ್ರ ಏನನ್ನೂ ಒಯ್ಯಬಾರದು. ಇದು ನಾನು ಕಟ್ಟಿದ್ದಲ್ಲ, ನಮ್ಮವರ ರೂಢಿ. ಸಾವಿನ ಮನೆಗೆ ಚೀಲ ಹಿಡಿದು ಹೋದರೆ ಅಲ್ಲಿಂದ ಏನನ್ನೋ ತುಂಬಿಕೊಂಡು ಬಂದಂತಾಗುತ್ತದೆ. ಉಟ್ಟ ಬಟ್ಟೆಯಲ್ಲಿ ಹೋಗಿ, ಮಣ್ಣು ಹಾಕಿ, ಮುಳುಗಿ, ಒದ್ದೆಯಲ್ಲೇ ಮನೆಗೆ ಬರಬೇಕು. ಇನ್ನು ಪಳನಿ ಯಾತ್ರೆಗೆ ನಾನು ಕೊಡುತ್ತಿದ್ದ ಉಪದೇಶ ಚಿಕ್ಕದು: “ಬೆಟ್ಟದ ಮೇಲೆ ನಿಂತಿರೋ ಸ್ವಾಮೀನೇ ಒಂದು ಕೌಪೀನ, ಒಂದು ಕೋಲು ಹಿಡ್ಕೊಂಡು ಬಂದವನು. ಅವನಿಗಿಂತ ನಿಮಗೆ ಹೆಚ್ಚು ಬೇಕಾ?” ಹೀಗೆ ಹೇಳಿ ಕೈಬೀಸಿಕೊಂಡು ಪಳನಿಗೆ ನಡೆದಿದ್ದೆ. ದಾರಿಯುದ್ದಕ್ಕೂ ಬೊಮ್ಮಕ್ಕನ ಬುತ್ತಿ ಉಂಡು, ಅವಳ ಕಂಬಳಿಯ ಮುಕ್ಕಾಲು ಪಾಲು ನಾನೇ ಹೊದ್ದು ಮಲಗಿದ್ದೆ. ಕೌಪೀನದ ಸ್ವಾಮಿಗೆ ಪಳನಿಯ ಚಳಿ ರೂಢಿಯಾಗಿರಬೇಕು.

ಹಗುರವಷ್ಟೇ ಆಗಿದ್ದರೆ ಇಷ್ಟು ಕೆಡುತ್ತಿರಲಿಲ್ಲ. ನನಗೆ ಸೊಗಸಿನ ಹುಚ್ಚು ಹಿಡಿಯಿತು. ನಮ್ಮ ಕಣಿವೆಯ ಮೇಲಿನ ಬೆಟ್ಟದಲ್ಲಿ ದೊರೆಗಳು ಹೊಳೆಗೆ ಅಡ್ಡಲಾಗಿ ದೊಡ್ಡ ಅಣೆ ಕಟ್ಟಿಸುತ್ತಿದ್ದಾರೆ. ಅಲ್ಲಿಗೆ ಹೋಗುವ ಒಬ್ಬ ಬಿಳಿ ದೊರೆಯನ್ನು ರಸ್ತೆಯಲ್ಲಿ ಕಂಡೆ. ಕುದುರೆಯ ಮೇಲೆ ನೆಟ್ಟಗೆ ಕೂತಿದ್ದ. ತೊಡೆಯ ಪಕ್ಕ ಜೇನಿನ ಬಣ್ಣದ ಒಂದೇ ಒಂದು ತೊಗಲಿನ ಚೀಲ. ಬೇರೆ ಏನೂ ಇಲ್ಲ. ಅಬ್ಬಾ, ಪಯಣ ಅಂದರೆ ಹೀಗಿರಬೇಕು ಅಂದುಕೊಂಡೆ. ಅವನ ಹಿಂದೆ ಹಾಸಿಗೆ, ಮೇಜು, ಕುರ್ಚಿ, ಕೋಳಿ ಪಂಜರ ಹೇರಿಕೊಂಡ ಬಂಡಿಗಳ ಸಾಲು ಬರುತ್ತಿತ್ತಂತೆ. ನಾನು ನೋಡಲಿಲ್ಲ. ಧೂಳಿತ್ತು, ಮೇಲಾಗಿ ನನಗೆ ಬೇಕಾದ್ದನ್ನು ಆಗಲೇ ನೋಡಿಯಾಗಿತ್ತು.

ಹೊಗೆಸೊಪ್ಪು ಮಾರಲು ದಿಂಡಿಗಲ್ಲಿಗೆ ಹೋದಾಗ ಅಂಥದೇ ಚೀಲ ಕೊಂಡುಬಿಟ್ಟೆ. ಮುಟ್ಟಿದರೆ ಬೆಣ್ಣೆ. ಅಂಗಡಿಯವನು, “ಎಳೇ ತೋಲು ಅಯ್ಯಾ, ಅದಕ್ಕೇ ಇಷ್ಟು ಮೆತ್ತಗೆ” ಅಂದ. ಯಾವುದರ ಎಳೆಯದು ಎಂದು ನಾನು ಕೇಳಲಿಲ್ಲ. ಕೇಳಿದರೆ ಹೇಳಿಬಿಡುತ್ತಾನೆಂಬ ಭಯ. ಬೀಗಕ್ಕೆ ಹೆಸರಾದ ದಿಂಡಿಗಲ್ಲಿಗೆ ಬಂದಮೇಲೆ ಬೀಗ ಕೊಳ್ಳದೆ ಹೋಗುವುದುಂಟೇ ಎಂದು ಚೀಲದ ಬಾಯಿಗೆ ಒಂದು ಬೀಗವನ್ನೂ ಹಾಕಿಸಿದೆ. ಚೀಲಕ್ಕಿಂತ ಬೀಗವೇ ಭಾರವಾಗಿತ್ತು. ಬೀಗದಕೈಯನ್ನು ಉಡಿದಾರಕ್ಕೆ ಕಟ್ಟಿಕೊಂಡು, ನಡೆದಾಗಲೆಲ್ಲ ಅದು ತೊಡೆಗೆ ತಾಕುವ ಸುಖ ಅನುಭವಿಸುತ್ತಾ ಮನೆಗೆ ಬಂದೆ.

ಬೊಮ್ಮಕ್ಕ ಚೀಲವನ್ನು ಮೂಸಿ ನೋಡಿ ಕೆಳಗಿಟ್ಟಳು. “ಕಾಮಿ ಅಪ್ಪಾ, ಏನು ತೋಲು ಇದು?” ಅಂದಳು. ಕಾಮಿ ನಮ್ಮ ಮಗಳು.

“ಆಡಿಂದು,” ಅಂದೆ.

“ಆಡು ಈ ವಾಸನೆ ಬರಾದಿಲ್ಲ.”

“ದಿಂಡಿಗಲ್ ಆಡು,” ಅಂದೆ. ಅವಳು ಮೂಗಿಗೆ ಸೆರಗು ಹಿಡಿದಳು. ನನಗೆ ರೇಗಿತು. ನಮ್ಮ ಬಾವಿಯಿಂದ ನೀರೆತ್ತುವ ಕಪಿಲೆ ಏನು ಬಾಳೆಯೆಲೆಯದೇ, ಅದೂ ತೊಗಲಲ್ಲವೇ ಎಂದು ವಾದಿಸಿದೆ. “ಕಪಿಲೇಲಿ ವೀಳ್ಯ ಇಟ್ಕೊಂಡು ಹೆಣ್ಣು ಕೊಡಾಕೆ ಹೋಗ್ತೀರಾ?” ಎಂದು ಕೇಳಿ ಒಳಗೆ ಹೋದಳು.

ಅವಳು ಹಾಗೆ ಕೇಳಿದ್ದಕ್ಕೆ ಕಾರಣವಿತ್ತು. ಕಂಬಂನ ಚಿಕ್ಕೇಗೌಡರ ಮಗನಿಗೆ ಕಾಮಿಯನ್ನು ಕೊಡುವ ಮಾತು ನಡೆದಿತ್ತು. ನಾವು ಹೋಗಿ ಮನೆ ನೋಡಿ, ನಮ್ಮ ಕಡೆಯ ವೀಳ್ಯ ಕೊಟ್ಟು, ಅವರ ವೀಳ್ಯ ಹಿಡಿದರೆ ಸಂಬಂಧ ಗಟ್ಟಿ. ಆ ಮನೆ ಸಾಮಾನ್ಯದ್ದಲ್ಲ. ಅಲ್ಲಿ ನಮ್ಮವರು ದೇವರಿಗೆ ಬಿಟ್ಟ ದನಗಳ ಮಂದೆ ಇದೆ, ಅದನ್ನು ನೋಡಿಕೊಳ್ಳುವ ಮನೆತನ ಅವರದು. ಆ ದನಗಳಿಗೆ ನೊಗ ಹೂಡುವುದಿಲ್ಲ, ಅವನ್ನು ಮಾರುವುದಿಲ್ಲ; ಸತ್ತರೆ ತೊಗಲು ಸುಲಿಯಲು ಬಿಡದೆ ಮನುಷ್ಯರಿಗೆ ಮಾಡಿದಂತೆ ಮಣ್ಣು ಮಾಡುತ್ತಾರೆ. ನಮ್ಮ ಹಿರಿಯರು ಕನ್ನಡ ಸೀಮೆ ಬಿಟ್ಟು ಬಂದಾಗ ದನ ಮುಂದೆ ನಡೆದವಂತೆ, ಜನ ಹಿಂದೆ ನಡೆದರಂತೆ. ಆಗ ಅವರು ಏನೇನು ಗಂಟು ಕಟ್ಟಿದ್ದರೋ ಯಾರೂ ಹೇಳುವುದಿಲ್ಲ, ದನ ಹೊಡೆದುಕೊಂಡು ಬಂದರು ಎನ್ನುವುದಷ್ಟೇ ಉಳಿದಿದೆ. ಅಂಥ ಮನೆಗೆ ಮಗಳು ಸೇರಲೆಂದು ಬೊಮ್ಮಕ್ಕ ಹರಕೆ ಹೊತ್ತಿದ್ದಳು. ಕಾಮಿಗೂ ಆಸೆಯಿತ್ತು. ಅವಳು ಬಾಯಿಬಿಟ್ಟು ಹೇಳಿರಲಿಲ್ಲ. ಹೊರಡುವಾಗ ಮಾತ್ರ ಬಾಗಿಲಲ್ಲಿ ನಿಂತು, “ಅಪ್ಪಾ, ಅಲ್ಲಿ ಜಾಸ್ತಿ ಮಾತಾಡ್ಬೇಡಾ” ಅಂದಳು. ಹೆತ್ತ ಮಗಳು ಅಪ್ಪನನ್ನು ಎಷ್ಟು ಸರಿಯಾಗಿ ಅರಿತಿದ್ದಾಳೆಂದು ಈಗ ನೆನೆದರೆ ತಲೆ ತಗ್ಗುತ್ತದೆ.

ವೀಳ್ಯ, ಅಡಕೆ, ತೆಂಗಿನಕಾಯಿ, ಅಳಿಯನಿಗೆ ಕೊಡುವ ಪಂಚೆ, ನನ್ನ ಜರಿಯಂಚಿನ ಪಂಚೆ, ಕನ್ನಡಿ, ಬಾಚಣಿಗೆ ಎಲ್ಲವನ್ನೂ ಚೀಲಕ್ಕೆ ತುರುಕಿ ಬೀಗ ಜಡಿದೆ. ಬೊಮ್ಮಕ್ಕ ಎಂದಿನಂತೆ ಮೂಟೆ ಕಟ್ಟಿದಳು. ಬಂಡಿಯಲ್ಲಿ ದಾರಿಯುದ್ದಕ್ಕೂ ಆ ಮೂಟೆಯನ್ನು ಹಂಗಿಸಿದೆ.

ಚಿಕ್ಕೇಗೌಡರ ಮನೆಯ ಬೇಲಿಯ ಹೊರಗೆ ಒಂದು ಹುಣಸೆಮರ. ದನವಿರುವ ಅಂಗಳಕ್ಕೆ ತೊಗಲು ಮೆಟ್ಟಿಕೊಂಡು ಹೋಗಬಾರದೆಂದು ಬಂದವರೆಲ್ಲ ಅದರ ಬುಡದಲ್ಲಿ ಮೆಟ್ಟು ಬಿಡುತ್ತಾರೆ. ನಾನೂ ಭಕ್ತಿಯಿಂದ ಮೆಟ್ಟು ಬಿಟ್ಟೆ, ಅಕ್ಕಪಕ್ಕ ಜೋಡಿಸಿಯೂ ಇಟ್ಟೆ. ಆಮೇಲೆ ತೊಗಲಿನ ಚೀಲವನ್ನು ಎದೆಗೆ ಅವಚಿಕೊಂಡು ಒಳಗೆ ನಡೆದೆ. ದೇವರಾಣೆಗೂ ನನಗೆ ಹೊಳೆಯಲಿಲ್ಲ. ಸೊಗಸುಗಾರನಿಗೆ ತನ್ನ ಕೈಯಲ್ಲಿರುವುದು ಸೊಗಸಾಗಿ ಕಾಣುತ್ತದೆಯೇ ಹೊರತು ತೊಗಲಾಗಿ ಕಾಣುವುದಿಲ್ಲ.

ಚಿಕ್ಕೇಗೌಡರು “ಬಾ ಅಣ್ಣಾ, ಬಾ ಅಕ್ಕಾ” ಎಂದು ಜಗಲಿಯ ಮೇಲೆ ಚಾಪೆ ಹಾಸಿದರು. ಅವರ ತಾಯಿ, ಎಲ್ಲರೂ ಅವ್ವ ಎಂದು ಕರೆಯುವ ಹಣ್ಣು ಮುದುಕಿ, ಕಂಬಕ್ಕೆ ಒರಗಿ ಕೂತಿದ್ದರು. ಚೀಲವನ್ನು ಎಲ್ಲರಿಗೂ ಕಾಣುವಂತೆ ಜಗಲಿಯ ಅಂಚಿನಲ್ಲಿಟ್ಟೆ. ಅಂಗಳದಲ್ಲಿ ಮನೆಯ ಹಸುವೊಂದು ಕಟ್ಟಿಲ್ಲದೆ ನಿಂತಿತ್ತು. ಕರು ಸತ್ತಮೇಲೆ ಅದು ಹತ್ತಿರ ಯಾರನ್ನೂ ಸೇರಿಸುತ್ತಿಲ್ಲ, ಹಾಲನ್ನೂ ಇಳಿಸುತ್ತಿಲ್ಲ ಎಂದು ಗೌಡರು ನೊಂದುಕೊಂಡು ಹೇಳುತ್ತಿದ್ದರು. ಅಷ್ಟರಲ್ಲಿ ಅದು ನಡೆದು ಬಂತು. ಚೀಲವನ್ನು ಮೂಸಿತು. ಮತ್ತೆ ಮೂಸಿತು. ಗಂಟಲಿನ ಆಳದಿಂದ ಸಣ್ಣಗೆ ದನಿ ಮಾಡಿ ನೆಕ್ಕತೊಡಗಿತು. ಬೀಗ ಬಿಟ್ಟು ಉಳಿದೆಲ್ಲ ನೆಕ್ಕಿತು.

“ಏನು ತೋಲಪ್ಪಾ ಅದು?” ಅಂದರು ಅವ್ವ.

“ಆಡಿಂದು ಅವ್ವಾ,” ಅಂದೆ. ನಾಲಿಗೆಗೆ ಅದೊಂದೇ ಪಾಠ ಬರುತ್ತಿತ್ತು.

ಅವ್ವ ಕೈಕೋಲನ್ನು ಹಸುವಿನ ಕೆಚ್ಚಲಿನ ಕಡೆ ಚಾಚಿದರು. ನಾಲ್ಕೂ ಮೊಲೆಯಿಂದ ಹಾಲು ತಾನಾಗಿ ತೊಟ್ಟಿಕ್ಕುತ್ತಿತ್ತು. “ಆಡಿನ ಮರಿಗೆ ನಮ್ಮ ಹಸ ಹಾಲು ಸುರಿಸ್ತದಾ?” ಅಂದರು.

ಚಿಕ್ಕೇಗೌಡರು ನನ್ನ ಮುಖ ನೋಡಲಾರದೆ ನೆಲ ನೋಡಿದರು. ನಾನು ಬೈಗುಳ ತಿಂದವನು, ಜಗಳ ಸೋತವನು, ಆದರೆ ಅಂಥ ನಾಚಿಕೆ ಎಂದೂ ಅನುಭವಿಸಿರಲಿಲ್ಲ. ಹಸು ನೆಕ್ಕುತ್ತಲೇ ಇತ್ತು. ಕಿತ್ತುಕೊಂಡು ಓಡೋಣವೆಂದರೆ ಕೊಂಬು ಅಡ್ಡವಿತ್ತು. ಹೊರಡುವಾಗ ಕಾಮಿ ಬಾಗಿಲಲ್ಲಿ ನಿಂತಿದ್ದದ್ದು ಕಣ್ಣಿಗೆ ಕಟ್ಟಿತು. ಒಂದು ಚೀಲದ ಷೋಕಿಗೆ ಮಗಳ ಬಾಳನ್ನು ಅಂಗಳದಲ್ಲಿ ಚೆಲ್ಲಿಬಿಟ್ಟೆನಲ್ಲ ಅಂದುಕೊಂಡೆ.

ಬೊಮ್ಮಕ್ಕ ಎದ್ದು ಅವ್ವನ ಕಾಲ ಬಳಿ ಕೂತಳು. “ತಪ್ಪು ನಮ್ದು ಅವ್ವಾ. ಮಗೀದಲ್ಲ,” ಅಂದಳು. ತಪ್ಪು ಅವಳದಲ್ಲ, ನನ್ನೊಬ್ಬನದು. ಆದರೂ ‘ನಮ್ದು’ ಅಂದಳು. ಅದು ಹಸುವಿನ ಹಾಲಿಗಿಂತ ಹೆಚ್ಚು ಚುಚ್ಚಿತು.

“ಮಗೀ ಮ್ಯಾಲೆ ಯಾರು ಕೋಪ ಮಾಡ್ಕೊಂಡ್ರು?” ಅಂದರು ಅವ್ವ. ಹಸುವಿನ ಕಡೆ ತಿರುಗಿದರು. “ಯಾವೂರ ಕರುವೋ ಏನೋ, ಪಾಪ. ಯಾರೂ ಒಂದು ಹಿಡಿ ಮಣ್ಣು ಹಾಕ್ಲಿಲ್ಲ ಅದುಕ್ಕೆ. ನಮ್ಮನೆ ಬಾಗಿಲಿಗೆ ಬಂದದೆ, ನಾವು ಹಾಕಾನ. ಆಮ್ಯಾಲೆ ವೀಳ್ಯ. ತಂದೋನೇ ಹೊತ್ಕೊಂಡು ನಡೀಲಿ.”

ನನ್ನ ಬುದ್ಧಿ ಆಗಲೂ ಎಲ್ಲಿತ್ತು ನೋಡಿ. “ಅವ್ವಾ, ಒಳಗೆ ನನ್ನ ಜರಿ ಪಂಚೆ...” ಎಂದು ಉಡಿದಾರದ ಬೀಗದಕೈಗೆ ಕೈ ಹಾಕಿದೆ.

“ಹೊಟ್ಟೇಲಿರಾದು ಹೊಟ್ಟೇಲೇ ಇರ್ಲಿ,” ಅಂದರು ಅವ್ವ.

ಹಾಗೆ ನನ್ನ ಚೀಲದ ಮೆರವಣಿಗೆ ಹೊರಟಿತು. ಹಸುವಿನ ಕಣ್ಣಿಗೆ ಬೀಳದಂತೆ ಅದನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ, ಅರಿಸಿನ ಹಚ್ಚಿ, ನನ್ನ ತೋಳಿಗೆ ಕೊಟ್ಟರು. ಅವರ ಕರುವನ್ನು ಹೂತ ಜಾಗದ ಪಕ್ಕದಲ್ಲೇ ಗುಂಡಿ ತೋಡಿದ್ದರು. ಮೊದಲು ಯಾರೋ ಒಬ್ಬರು ನಗು ತಡೆದದ್ದು ಕೇಳಿಸಿತು. ಅವ್ವ ಬಂದು, ಬಗ್ಗಲಾರದೆ ಬಗ್ಗಿ, ಒಂದು ಹಿಡಿ ಮಣ್ಣು ಹಾಕಿ, “ಹೋಗ್ಬಾ ಮಗಾ” ಅಂದಾಗ ಯಾರೂ ನಗಲಿಲ್ಲ. ನಾನೂ ಮಣ್ಣು ಹಾಕಿದೆ. ಬೀಗಕ್ಕೆ ತಾಕಿ ಠಣ್ ಎಂದಿತು. ಕಾಲುವೆಯಲ್ಲಿ ಮುಳುಗಿ ಒದ್ದೆಯಲ್ಲಿ ಎದ್ದೆ. ಬೀಗದಕೈ ಮಾತ್ರ ತೊಡೆಗೆ ತಾಕುತ್ತಿತ್ತು.

ದಡದಲ್ಲಿ ಬೊಮ್ಮಕ್ಕ ಮೂಟೆ ಬಿಚ್ಚಿಕೊಂಡು ನಿಂತಿದ್ದಳು. ನಾನು ಎಸೆದಿದ್ದ ಹಳೆಯ ಪಂಚೆಯನ್ನು ಕೈಗೆ ಕೊಟ್ಟಳು. ಮೊಣಕಾಲಿನ ಹತ್ತಿರ ತೇಪೆ. ಮೂಟೆಯ ತಳದಿಂದ ಒದ್ದೆ ಬಟ್ಟೆಯಲ್ಲಿ ಸುತ್ತಿದ ವೀಳ್ಯ, ಅಡಕೆ, ತೆಂಗಿನಕಾಯಿ, ಅಳಿಯನಿಗೊಂದು ಹೊಸ ಪಂಚೆ ತೆಗೆದಳು. ಚೀಲ ಮೂಸಿದ ದಿನವೇ ಎಲ್ಲವನ್ನೂ ಇನ್ನೊಂದು ಸಲ ಕೂಡಿಸಿಟ್ಟಿದ್ದಳಂತೆ. “ಇವನ್ನ ಯಾಕೆ ತಂದೆ?” ಎಂದು ನಾನು ಕೇಳಲಿಲ್ಲ. ಉತ್ತರ ನನಗೆ ಗೊತ್ತಿತ್ತು.

ತೇಪೆಯ ಪಂಚೆಯಲ್ಲಿ, ತಲೆಯಿಂದ ನೀರು ಸೋರಿಸುತ್ತಾ ಮಗಳ ವೀಳ್ಯಕ್ಕೆ ಕೂತೆ. ಆಗಷ್ಟೇ ಬಂದ ಅವರ ಕಡೆಯ ಹಿರಿಯರೊಬ್ಬರು ನನ್ನನ್ನು ಮೇಲಿಂದ ಕೆಳಗೆ ನೋಡಿ, “ಹೆಣ್ಣಿನ ಅಪ್ಪ ಎಷ್ಟು ಸಾದು ಆಳು! ಡಂಬ ಅನ್ನಾದು ಒಂಚೂರಾದ್ರೂ ಅದೆಯಾ?” ಎಂದು ಹೊಗಳಿದರು. ಜಗಲಿಯ ತುಂಬ ಕೆಮ್ಮು ಎದ್ದಿತು. ಅವ್ವ ತಮ್ಮ ಕಡೆಯ ವೀಳ್ಯವನ್ನು ನನ್ನ ಕೈಗೆ ಕೊಡಲಿಲ್ಲ, ಬೊಮ್ಮಕ್ಕನ ಮಡಿಲಿಗೆ ಹಾಕಿದರು.

ಕಾಮಿ ಈಗ ಆ ಮನೆಯಲ್ಲಿ ಸುಖವಾಗಿದ್ದಾಳೆ. ಹಸುವೂ ಮತ್ತೆ ಈದು ಹಾಲು ಕೊಡುತ್ತಿದೆ. ನನಗೆ ಮಾತ್ರ ಬಿಡುಗಡೆಯಿಲ್ಲ. ವರ್ಷ ತುಂಬುವ ಹೊತ್ತಿಗೆ ಅವ್ವನಿಂದ ತಪ್ಪದೆ ಹೇಳಿಕೆ ಬರುತ್ತದೆ: “ಕರುವಿನ ದಿವಸ. ಬಾ. ಬರಿಗೈಲಿ ಬಾ.” ಹೋಗದಿದ್ದರೆ ಮಗಳ ಮುಖ ಕೆಡುತ್ತದೆ, ಹೋಗುತ್ತೇನೆ. ಉಟ್ಟ ಬಟ್ಟೆಯಲ್ಲಿ ಕೈಬೀಸಿಕೊಂಡು ನಾನು ಮುಂದೆ ನಡೆಯುತ್ತೇನೆ, ತಲೆಯ ಮೇಲೆ ಮೂಟೆ ಹೊತ್ತು ಬೊಮ್ಮಕ್ಕ ಹಿಂದೆ ಬರುತ್ತಾಳೆ. ನನ್ನ ಶಾಸ್ತ್ರದ ಪ್ರಕಾರ ಇದಕ್ಕಿಂತ ಹಗುರವಾದ ಪಯಣವಿಲ್ಲ. ಆದರೆ ದಾರಿಯ ಜನ ಬಿಡಬೇಕಲ್ಲ. “ಎಲ್ಲಿಗೆ ಅಣ್ಣಾ, ಬರಿಗೈಲಿ?” ಅನ್ನುತ್ತಾರೆ. “ಸಾವಿನ ಮನೆಗೆ,” ಅನ್ನುತ್ತೇನೆ. “ಅಯ್ಯೋ, ಯಾರು ಹೋದ್ರು?” ಅನ್ನುತ್ತಾರೆ. ಹಿಂದಿನಿಂದ ಬೊಮ್ಮಕ್ಕ ಮೂಟೆ ಸರಿಮಾಡಿಕೊಳ್ಳುತ್ತಾ ಹೇಳುತ್ತಾಳೆ: “ಇವರ ಕರು.”