ಹುಚ್ಚಮ್ಮನ ಎಮ್ಮೆ ಮತ್ತು ನೌಕಾಧಿಕಾರಿ

ದೊಡ್ಡ ದೇಶಗಳ ರಾಯಭಾರದಲ್ಲಿ ಒಬ್ಬ ನೌಕಾಧಿಕಾರಿ ಇರತಕ್ಕದ್ದು. ಇಲ್ಲದಿದ್ದರೆ ಅದು ರಾಯಭಾರವೇ ಅಲ್ಲ. ಮಹಾರಾಜರ ಆಳ್ವಿಕೆಯಲ್ಲಿ, ಕಡೂರಿಗೂ ಅಜ್ಜಂಪುರಕ್ಕೂ ನಡುವಣ ಹಳೇಮಟ್ಟಿ ಹೋಬಳಿಯ ಶೇಕ್ದಾರ್ ಸೋಮಶೇಖರಪ್ಪನವರು ಈ ಸಂಗತಿಯನ್ನು ಪತ್ರಿಕೆಯೊಂದರಲ್ಲಿ ಓದಿ, ಕೂಡಲೇ ಜಾರಿಗೆ ತಂದರು.

ಸಂದರ್ಭವೂ ಒದಗಿತ್ತು. ಹುಚ್ಚಮ್ಮನ ಹಾಲು ಕೊಡುವ ಎಮ್ಮೆ ಗಡಿ ದಾಟಿ ಪಕ್ಕದ ಬೂದಿಗುಂಡಿ ಹೋಬಳಿಯ ಕೆರೆಯಲ್ಲಿ ಬಿದ್ದುಕೊಂಡಿತ್ತು. ಅಲ್ಲಿಯವರು ಹಿಡಿದು ದೊಡ್ಡಿಗೆ ಕೂಡಿದರು. ಇಲ್ಲಿ ಕರು ಒಂದು ಕಡೆ, ಮೊಮ್ಮಗಳು ಒಂದು ಕಡೆ ಹಾಲಿಗೆ ಅಳುತ್ತಿದ್ದವು.

"ಸ್ವಾಮಿ, ತಳವಾರನ್ನ ಕಳ್ಸಿ, ಹೊಡ್ಕಂಡ್ ಬತ್ತಾನೆ," ಎಂದಳು ಹುಚ್ಚಮ್ಮ.

"ನಿಯೋಗವೇ ಹೋಗ್ಬೇಕು ಕಣಮ್ಮ. ಅದೂ ನೌಕಾಧಿಕಾರಿ ಸಮೇತ," ಎಂದರು ಶೇಕ್ದಾರರು.

ಹುದ್ದೆಗೆ ಬೇಕಾದ ಅರ್ಹತೆ ಸಮುದ್ರ ಕಂಡಿರುವುದು. ಶೇಕ್ದಾರರ ಬಾಮೈದ ಷಡಕ್ಷರಿಯವರು ಹೆಂಚು ತರಲು ಮಂಗಳೂರಿಗೆ ಹೋಗಿದ್ದಾಗ ಅದನ್ನು ದೂರದಿಂದ ಕಂಡಿದ್ದರು. ಎದುರಿನವರ ಔತಣ ಉಣ್ಣುತ್ತ ಅವರ ಹಡಗು ಎಣಿಸುವುದೇ ನೌಕಾಧಿಕಾರಿಯ ಕರ್ತವ್ಯ. ಎಣಿಸುತ್ತಿರುವುದು ಗೊತ್ತಿದ್ದೂ ಇನ್ನೊಂದು ಹೋಳಿಗೆ ಬಡಿಸುವುದು ಎದುರಿನವರ ಕರ್ತವ್ಯ.

ಬೂದಿಗುಂಡಿಯವರು ನಿಯೋಗವನ್ನು ಹೊಸ್ತಿಲಲ್ಲೇ ತಡೆದರು. ಸಮಾನ ದರ್ಜೆಯ ನೌಕಾಧಿಕಾರಿ ತಮ್ಮಲ್ಲೂ ನೇಮಕವಾಗುವ ತನಕ ಮಾತುಕತೆ ಸಲ್ಲದು ಎಂದರು. ಅವರ ಪೈಕಿ ಈಜು ಬಲ್ಲ ತೀರ್ಥಪ್ಪನವರು ನೇಮಕವಾದರು. ಊಟವಾಯಿತು. ಹಡಗು ಎಣಿಸೋಣವೆಂದರೆ, ಎರಡೂ ಹೋಬಳಿಗಳಲ್ಲಿ ಹುಡುಕಿದರೂ ಒಂದು ಹರಿಗೋಲೂ ಸಿಗಲಿಲ್ಲ. ಹಡಗಿಲ್ಲವೆಂದು ವರದಿ ಮಾಡಿದರೆ ಇಬ್ಬರ ಹುದ್ದೆಯೂ ಹೋಗುತ್ತದೆ.

ತೀರ್ಥಪ್ಪನವರು ದೊಡ್ಡಿಯತ್ತ ನೋಡಿದರು. "ನಿಮ್ಮೆಮ್ಮೆ ಮೇಲೆ ಆಳು ಕೂತ್ರೂ ನೀರಲ್ಲಿ ತೇಲ್ತದಾ?"

"ತೇಲ್ದೆ ಏನ್ರೀ!" ಎಂದರು ಷಡಕ್ಷರಿ.

ಎಮ್ಮೆಯು ಹಳೇಮಟ್ಟಿಯ ಯುದ್ಧನೌಕೆಯೆಂದೂ, ಅದನ್ನು ಪರಸ್ಥಳದಲ್ಲಿ ಕಟ್ಟಿಹಾಕುವುದು ಅಪರಾಧವೆಂದೂ ಒಪ್ಪಂದವಾಗಿ ಅಂದೇ ಬಿಡುಗಡೆಯಾಯಿತು. ಹುಚ್ಚಮ್ಮ ಅದರ ಕೊರಳು ತಬ್ಬಿ ಅತ್ತುಬಿಟ್ಟಳು.

ಆದರೆ ಯುದ್ಧನೌಕೆಯನ್ನು ರೈತರ ಕೊಟ್ಟಿಗೆಯಲ್ಲಿ ಇಡಲಾಗುತ್ತದೆಯೇ? ಷಡಕ್ಷರಿಯವರ ಹಿತ್ತಲನ್ನು ಹಡಗಿನ ಬಂದರು ಎಂದು ಸಾರಲಾಯಿತು. ಹಾಲು ನೌಕಾಧಿಕಾರಿಗೆ ಸೇರತಕ್ಕದ್ದು, ಹುಲ್ಲು ಹಿಂದಿನ ಒಡತಿ ತರತಕ್ಕದ್ದು. ಕರುವನ್ನು ಸಣ್ಣ ದೋಣಿಯೆಂದು ಪರಿಗಣಿಸಿ, ಹಡಗಿನ ಪಕ್ಕ ಸ್ವಲ್ಪ ಹೊತ್ತು ನಿಲ್ಲಲು ಅಪ್ಪಣೆ ಕೊಟ್ಟರು. "ಅಷ್ಟಾದರೂ ಕೊಟ್ರಲ್ಲ, ಪುಣ್ಯಾತ್ಮರು," ಎಂದಿತು ಊರು. ಅದೇ ಊರಿನವನಾದ ನನಗೂ ಅದರಲ್ಲಿ ತಪ್ಪು ಕಾಣಲಿಲ್ಲ.

ಎಮ್ಮೆ ಮಾತ್ರ ಹುಚ್ಚಮ್ಮನ ಕೈಗಲ್ಲದೆ ಬೇರೆಯವರಿಗೆ ಸೊರ ಬಿಟ್ಟು ಹಾಲಿಳಿಸಲಿಲ್ಲ. ಹಾಗಾಗಿ ಅವಳೇ ದಿನಾ ಹುಲ್ಲು ಹೊತ್ತು ಬಂದು, ಸಲಾಮು ಮಾಡಿ, ಹಾಲು ಕರೆದು ತಂಬಿಗೆ ತುಂಬಿಸಿಟ್ಟು ಹೋಗುತ್ತಾಳೆ. ಮನೆಯಲ್ಲಿ ಮೊಮ್ಮಗಳು ಲೋಟ ಹಿಡಿದು ಬಂದರೆ ಗದರುತ್ತಾಳೆ:

"ಸುಮ್ಕಿರೇ! ಹಡಗಿನ ಹಾಲು ಯಾರಾದ್ರೂ ಕುಡೀತಾರೇನೇ?"