ಹೊಟ್ಟೆಯೊಳಗಿನ ಜಾಲಿ

ಪರೇಲಿನ ಆಸ್ಪತ್ರೆಯಲ್ಲಿ ನಾನು ಸಿಸ್ಟರ್. ಕನ್ನಡದ ರೋಗಿ ಬಂದರೆ ಡಾಕ್ಟರು ಉಡುಪಿಯವಳಾದ ನನ್ನನ್ನೇ ಕರೆಯುತ್ತಾರೆ. ಹಾಗಾಗಿ ರೋಗ ಅವರ ಪಾಲಿಗೆ, ಸಂಶಯ ನನ್ನ ಪಾಲಿಗೆ. ವಾರಕ್ಕೊಂದಾದರೂ ಇಂಥ ರಾಮಾಯಣ ಇದ್ದದ್ದೇ. ಆದರೆ ಬೈಕುಲ್ಲಾ ಮಾರ್ಕೆಟ್ಟಿನಲ್ಲಿ ಮೂಟೆ ಹೊರುವ ವಿಜಯಪುರದ ಹಮಾಲನೊಬ್ಬ ಎಲ್ಲರನ್ನೂ ಮೀರಿಸಿದ. ತೊಡೆಸಂದಿನಲ್ಲಿ ಗಂಟು ಎದ್ದು ತಿಂಗಳುಗಳಾದರೂ ಬಂದಿರಲಿಲ್ಲ. ರಜೆ ಹಾಕಿದರೆ ಕೂಲಿಗಳ ಮೇಸ್ತ್ರಿ ಮುಕಾದಮ ಬೇರೊಬ್ಬ ಹಮಾಲನನ್ನು ಇಟ್ಟುಕೊಂಡಾನು ಎಂಬ ಹೆದರಿಕೆ. ಕೊನೆಗೆ ಹೆಂಡತಿಯೇ ಎಳೆದು ತಂದಳು.

ಕೆಮ್ಮು

ಮಂಚದ ಮೇಲೆ ಮಲಗಿಸಿದರೆ ಗಂಟೇ ಮಾಯ. "ನೋಡ್ರಿ, ಹೋತು! ಮನೀಗೆ ಹೊಂಡ್ತೀನಿ" ಎಂದು ಆತ ಲುಂಗಿ ಬಿಗಿದ. ಅದು ಹರ್ನಿಯಾ; ಮಲಗಿದರೆ ಒಳಗೆ ಹೋಗುತ್ತದೆ, ಕೆಮ್ಮಿದರೆ ಹೊರಗೆ ಬರುತ್ತದೆ. ಡಾಕ್ಟರು "ಖಾಂಸೋ" ಎಂದರು. ಕೆಮ್ಮಲು ನಾನೂ ಹೇಳಿದೆ.

"ನನಗ ಕೆಮ್ಮಿಲ್ರಿ."

"ಕೆಮ್ಮಿಲ್ಲದಿದ್ರೂ ಕೆಮ್ಮಿ ಮಾರಾಯ್ರೆ."

ಆತ ಹೆಂಡತಿಯ ಕಿವಿಯಲ್ಲಿ ಉಸುರಿದ: "ಏ, ಕೇಸ್ ಪೇಪರ್ ಅದಲಿ ಬದಲಿ ಆಗೈತಿ. ಯಾವನೋ ಟೀಬಿಯವಂದು ನನಗ ಹಚ್ಯಾರ!"

ಜಾಲಿ

ಹೊಟ್ಟೆಯ ಗೋಡೆ ಸಡಿಲಾದ ಕಡೆ ಬಲೆಯಂಥದ್ದೊಂದನ್ನು ಇಟ್ಟು ಹೊಲಿಯುತ್ತಾರೆ. ಡಾಕ್ಟರ ಹಿಂದಿಯಲ್ಲಿ ಅದು ಜಾಲಿ. "ಅಂದರ್ ಜಾಲಿ ಲಗಾಯೇಂಗೆ" ಎಂದದ್ದೇ ತಡ, ಹಮಾಲ ಎದ್ದು ಕೂತ.

"ಜಾಲಿಮುಳ್ಳು ಹೊಲದ ಬದುವಿಗೆ ಹಚ್ತಾರ್ರೀ. ನನ್ನ ಹೊಟ್ಟ್ಯಾಗ ಯಾವ ದನ ಬರ್ತಾವಂತ?"

ಅದು ಮುಳ್ಳಲ್ಲ, ಸೊಳ್ಳೆ ಪರದೆಯಂಥ ಮೆತ್ತಗಿನ ಬಲೆ ಎಂದು ತಿಳಿಹೇಳುವಷ್ಟರಲ್ಲಿ ನನಗೆ ಸಾಕುಬೇಕಾಯಿತು. ಅಂತೂ ಒಪ್ಪಿದ. ಆಗ, ಧಾರಾವಿಯಲ್ಲಿದ್ದು ಹಿಂದಿ ಕಲಿತ ಹೆಂಡತಿ ಬಾಯಿ ತೆರೆದಳು.

"ಅಕ್ಕಾರ, ಜಾಲಿ ನೋಟು ಅಂದ್ರ ಖೊಟ್ಟಿ ನೋಟು. ನಮಗೇನು ತಿಳಿಯಂಗಿಲ್ಲ ಅನ್ಕೊಂಡೀರೇನು? ಅಸಲೀದ ಹಾಕ್ಸ್ರಿ!"

ಕೆಲಸ

ಆಪರೇಷನ್ ಚೆನ್ನಾಗಿಯೇ ಆಯಿತು. ಮನೆಗೆ ಕಳಿಸುವ ದಿನ, ಹೆಂಡತಿ ಔಷಧ ತರಲು ಹೋದದ್ದನ್ನು ನೋಡಿಕೊಂಡು ಆತ ನನ್ನನ್ನು ಹತ್ತಿರ ಕರೆದ. ದನಿ ಪಾತಾಳಕ್ಕಿಳಿದಿತ್ತು.

"ಅಕ್ಕಾರ, ಖರೇ ಹೇಳ್ರಿ. ಕೆಲಸ... ಮೊದಲಿನಂಗ ಮಾಡಾಕ ಬರ್ತೈತೇನ್ರಿ?"

ಹೆಂಡತಿ ಆಚೆ ಹೋದ ಮೇಲೆ ಈ ವಾರ್ಡಿನ ಗಂಡಸರು ಏನು ಕೇಳುತ್ತಾರೆಂದು ನನಗೆ ಗೊತ್ತಿಲ್ಲವೇ? ನೋವೆಲ್ಲ ಹೋಗಲಿ, ಡಾಕ್ಟರನ್ನು ಕೇಳಿ ನಿಧಾನಕ್ಕೆ ಶುರು ಮಾಡಿ, ಅವಸರ ಬೇಡ ಎಂದೆ, ನೆಲ ನೋಡುತ್ತಾ.

"ಅಲ್ಲೀತನಕ ನನ್ನ ಜಾಗಾಕ್ಕ ಬ್ಯಾರೆ ಯಾವನರೆ ಬಂದ್ರ?"

ಆತನ ಕಣ್ಣಲ್ಲಿ ನೀರು. ನನಗೋ ಸಿಟ್ಟು ನೆತ್ತಿಗೇರಿತು. ಸಂಶಯಕ್ಕೂ ಒಂದು ಮಿತಿ ಬೇಡವೇ?

"ಎಂತ ಮಾತು ಮಾರಾಯ್ರೆ! ಇಷ್ಟು ಚಾಕರಿ ಮಾಡಿದ ನಿಮ್ಮ ಹೆಂಡ್ತಿ ಅಂಥವಳಾ?"

ಆತ ನನ್ನನ್ನು ಮೇಲಿಂದ ಕೆಳಗೆ ನೋಡಿದ.

"ಆಕೀದೇನೈತ್ರೀ ಅದರಾಗ? ಇಟ್ಕೊಳ್ಳಾಂವ ಮುಕಾದಮ!"